ಬೋರಲು ಮಲಗುವ ಯಜಮಾನರು

ಹಾರನಹಳ್ಳಿ, ಪಿರಿಯಾಪಟ್ಟಣ ತಾಲ್ಲೂಕು
೩ ಜನವರಿ ೨೦೨೫

ಪ್ರೀತಿಯ ಶಿವಶಂಕರ,

ಹೇಗಿದ್ದೀಯಪ್ಪಾ? ಆ ಹಿಮದ ಗಡಿಯಲ್ಲಿ ಕಾಲುಬೆರಳುಗಳು ಕ್ಷೇಮವೇ? ನಿಮ್ಮಮ್ಮ ಕಳಿಸಿದ ಉಣ್ಣೆಯ ಕಾಲುಚೀಲ ತೊಡುತ್ತಿದ್ದೀಯೋ, ಅದರಲ್ಲಿ ಬಂದೂಕು ಒರೆಸುತ್ತಿದ್ದೀಯೋ? ಫೋನಿನಲ್ಲಿ ನನ್ನ ಸರದಿ ಬರುವ ಹೊತ್ತಿಗೆ ಒಂದೋ ನಿನ್ನ ಬೆಟ್ಟದ ಸಿಗ್ನಲ್ ಹೋಗಿರುತ್ತದೆ, ಇಲ್ಲವೇ ನಿಮ್ಮಮ್ಮ ಅಳಲು ಶುರುಮಾಡಿರುತ್ತಾಳೆ. ಅದಕ್ಕೇ ಈ ಕಾಗದ.

ನಿನ್ನ ಮಗ, ಅಂದರೆ ನಾಲ್ಕು ತಿಂಗಳ ಯಜಮಾನರು, ಎಂದಿನಂತೆ ಬೋರಲು ಮಲಗಿ ರಾಜ್ಯಭಾರ ನಡೆಸುತ್ತಿದ್ದಾರೆ. ಹುಟ್ಟಿನಿಂದಲೇ ಗದ್ದ ಗಿಡ್ಡ, ಅಂಗಾತ ಹಾಕಿದರೆ ನಾಲಿಗೆ ಹಿಂದಕ್ಕೆ ಜಾರಿ ಉಸಿರಿಗೇ ಅಡ್ಡ ಕೂರುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ಮನೆಗೆ ಇರುವುದು ಅದೊಂದೇ ಕಾನೂನು. ಊರಿನ ಮಕ್ಕಳು ಮೊದಲ ಸಲ ಬೋರಲು ಬಿದ್ದರೆ ಮನೆಯವರು ಕಡುಬು ಹಂಚುತ್ತಾರೆ. ನಮ್ಮವನು ಬೋರಲಾಗಿಯೇ ಬೆಳೆಯುತ್ತಿದ್ದರೂ ಕಡುಬಿಲ್ಲವಲ್ಲ ಎಂಬುದು ಪಕ್ಕದ ಮನೆಯ ಪುಟ್ಟಮಲ್ಲಪ್ಪನ ತಕರಾರು. ಮೊನ್ನೆ ಅದೇ ಮಹಾಶಯ "ಇದೇನ್ಲಾ, ಕೂಸ್ನ ಕಪ್ಪೆ ಅಂಗೆ ಮನಗ್ಸಿದ್ದೀರ!" ಎಂದು ಮಗುಚಲು ಕೈ ಹಾಕಿದ. ನಿಮ್ಮಮ್ಮ ಸೌಟು ಹಿಡಿದೇ ಬಂದಳು: "ಮುಟ್ಟಿದ್ರೆ ನಿಮ್ಮನ್ನೇ ಬೋರಲಾಕ್ತೀನಿ ಕಣ್ರೀ!" ಪಾಪ, ಕಾಫಿಯನ್ನೂ ಕುಡಿಯದೆ ಎದ್ದುಹೋದ. ಮಗುವಿನ ಗೊರಕೆ ಕೇಳುತ್ತಿದ್ದರೆ ನಾವೆಲ್ಲ ಉಣ್ಣುತ್ತೇವೆ. ನಿಂತರೆ ತುತ್ತು ಕೈಯಲ್ಲೇ.

ಈಗ ಅವನ ತೊಡೆಸಂದಿಯಲ್ಲಿ ಹರ್ನಿಯಾ. ಬಿಟ್ಟರೆ ಕರುಳು ಸಿಕ್ಕಿಕೊಳ್ಳಬಹುದಂತೆ. ಸಂಕ್ರಾಂತಿ ಕಳೆದ ಸೋಮವಾರ ಮೈಸೂರಿನಲ್ಲಿ ಆಪರೇಷನ್. ಕೊಯ್ಯುವುದು ಅಂಗುಲದಷ್ಟೇ, ಅಂಜಿಕೆಯೆಲ್ಲ ಉಸಿರಿನದು. ಅರಿವಳಿಕೆ ಕೊಡುವ ಡಾಕ್ಟರಮ್ಮ ಉಷಾರಾಣಿ ಬಿಡಿಸಿ ಹೇಳಿದರು: ಔಷಧಿಗೆ ಮಲಗಿದರೂ ಅವನು ತಾನೇ ಉಸಿರಾಡುತ್ತಿರುವಂತೆ ನೋಡಿಕೊಂಡು, ಕ್ಯಾಮೆರಾ ಇರುವ ಸಣ್ಣ ಎಳೆಯನ್ನು ಮೂಗಿನಿಂದ ಇಳಿಸಿ, ಅದರ ಜಾಡಿನಲ್ಲೇ ಉಸಿರಿನ ಕೊಳವೆ ಕೂರಿಸುತ್ತಾರಂತೆ. ಎಲ್ಲ ಕೇಳಿದ ನಿಮ್ಮಮ್ಮ "ಬೋರಲಾಕೇ ಮಾಡ್ಬುಡಿ ಡಾಕ್ಟ್ರೇ" ಎಂದಳು. ನಾನು ನಗುವವನಿದ್ದೆ. ಡಾಕ್ಟರಮ್ಮ ನಗಲಿಲ್ಲ. "ಆಗೋ ಹಾಗಿದ್ರೆ ಹಾಗೇ ಮಾಡ್ತಿದ್ದೆ ಅಮ್ಮಾ" ಎಂದರು.

ಕಾಲು ಬೆಚ್ಚಗಿರಲಿ, ಮನಸ್ಸು ತಣ್ಣಗಿರಲಿ. ನಿನ್ನ ಜೊತೆಯವರಿಗೆಲ್ಲ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಪ್ಪ,
ವೀರಭದ್ರಸ್ವಾಮಿ

ಮರೆತಿದ್ದೆ: ರಜೆ ಮುಗಿಸಿ ಹೊರಟ ದಿನ ಬಸ್ಸಿನ ಕಿಟಕಿಯಿಂದ "ಯಾರೇನೇ ಅಂದ್ರೂ ಅಂಗಾತ ಮಲಗಿಸ್ಬೇಡಿ" ಎಂದು ಕೂಗಿದ್ದೆಯಲ್ಲ. ಆ ಸೋಮವಾರ ಅಂಗಾತವೇ ಮಲಗಿಸಬೇಕು. ಕೊಳವೆ ಹೋಗದಿದ್ದರೆ ಕತ್ತಿನಲ್ಲೇ ಉಸಿರಿಗೆ ದಾರಿ ಮಾಡಲು ಇನ್ನೊಬ್ಬ ಡಾಕ್ಟರು ಪಕ್ಕದಲ್ಲೇ ನಿಂತಿರುತ್ತಾರೆ. ನಿನ್ನ ಹೆಂಡತಿ ಪುಷ್ಪಾ ಅದಕ್ಕೂ ಒಪ್ಪಿದ್ದಾಳೆ. ಅವಳನ್ನು ಏನೂ ಅನ್ನಬೇಡ. ಆಪರೇಷನ್ ಕೋಣೆಯ ಬಾಗಿಲವರೆಗೆ ಅವನನ್ನು ನಾನೇ ಎತ್ತಿಕೊಂಡು ಹೋಗುತ್ತೇನೆ, ಹೆಗಲ ಮೇಲೆ, ಬೋರಲಾಗಿ.