ಅಪ್ಪನ ಕಿವಿ ಮತ್ತು ಹತ್ತು ಕಿಲೋ ಓಮ್

ಮನೆಯಿಂದ, ಹದಿನಾಲ್ಕನೇ ತಾರೀಖು, ಭಾನುವಾರ

ಪ್ರೀತಿಯ ಅಣ್ಣಾ,

ಇಲ್ಲ, ಕೆಟ್ಟಿದ್ದು ಅಪ್ಪನ ಕಿವಿಯಲ್ಲ. ತಾಳು, ಮೊದಲು ನಿನ್ನ ಸುದ್ದಿ. ಬೆನ್ನುನೋವು ಕಡಿಮೆಯಾಯಿತಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಮೆಸೇಜ್ ಹಾಕಿದರೆ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀಯ, ಅದಕ್ಕೇ ಕಾಗದ. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಬೇಕು, ಬರೆದೆ ಅಂದುಕೋ.

ನೀನು ಕೈಯಾರೆ ಕಟ್ಟಿ ಕಳಿಸಿದ ಹೆಡ್‌ಫೋನ್ ಆಂಪ್ ಬಂದ ದಿನ ಅಪ್ಪ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಅಂಗಡಿಗೆ ಅರ್ಧ ದಿನ ರಜೆ ಹಾಕಿದರು. ತಮ್ಮ ಹಳೇ ವಾಲ್ವ್ ಪ್ರೀಆಂಪ್‌ಗೆ ಅದನ್ನು ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು ಕೂತರು. ಎರಡೇ ನಿಮಿಷ, ತೆಗೆದಿಟ್ಟರು. "ಅವ್ನು ಚೆನ್ನಾಗೇ ಮಾಡಿದಾನೆ ಕಣೆ. ನನಗೇ ಬೇಸ್ ಕೇಳಿಸ್ತಿಲ್ಲ" ಅಂದರು. ನಿನ್ನ ಕೆಲಸದಲ್ಲಿ ತಪ್ಪಿರಬಹುದು ಎಂಬುದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ಮಾರನೇ ದಿನದಿಂದ ಗಿರಾಕಿಗಳನ್ನು ವಾಪಸ್ ಕಳಿಸುತ್ತಿದ್ದಾರೆ. "ಕಿವಿ ಹೋದೋನು ಆಂಪ್ ಮುಟ್ಬಾರ್ದು" ಅಂತೆ. "ಇಷ್ಟು ವರ್ಷ ನನ್ನ ಮಾತು ಎಲ್ಲಿ ಕೇಳಿಸ್ತಿತ್ತು ಬಿಡಿ" ಎಂದು ಅಮ್ಮ ಚುಚ್ಚಿದಳು. ಯಾರೂ ನಗಲಿಲ್ಲ. ಅಪ್ಪ ರಿಪೇರಿ ಬೆಂಚಿಗೆ ಬಟ್ಟೆ ಹೊದಿಸುವುದನ್ನು ನೋಡುತ್ತಾ ನಿಂತಿದ್ದೆ. ಏನೂ ಅನ್ನಿಸಲಿಲ್ಲ. ಈಗಲೂ ಇಲ್ಲ.

ಆಮೇಲೆ ನಮ್ಮ ಆಂಪ್ ಹುಚ್ಚರ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ (ನಗಬೇಡ). ಅಲ್ಲಿ ಎಲ್ಲರೂ ಸೋಲ್ಡರ್ ಮಾವ ಅನ್ನುವ ಹಿರಿಯರು ಕೇಳಿದ್ದು ಒಂದೇ: "ಮುಂದಿನ ಡಬ್ಬಿ ಇನ್‌ಪುಟ್ ಎಷ್ಟು ಓಮ್, ಅಳೆದ್ಯಾ ಮರಿ?" ಅಳೆದೆ. ನಿನ್ನ ಆಂಪಿನದು ಹತ್ತು ಕಿಲೋ! ಅಪ್ಪನ ಪ್ರೀಆಂಪ್ ಕಟ್ಟಿದ್ದು ನೂರು ಕಿಲೋ ಲೆಕ್ಕದಲ್ಲಿ. ಅದರ ಕೊನೆಯ ಕೆಪಾಸಿಟರ್ ಪುಟಾಣಿ. ಮುಂದಿನ ಡಬ್ಬಿಯ ತಡೆ, ಅದೇ ಇಂಪೀಡೆನ್ಸ್, ಅಷ್ಟು ಕಡಿಮೆಯಾದರೆ ವಾಲ್ವ್ ಸುಸ್ತು ಹೊಡೆಯುತ್ತದೆ, ತಗ್ಗಿನ ಸ್ವರಗಳು ದಾಟುವುದೇ ಇಲ್ಲ. ನನ್ನ ಎಳೇ ಕಿವಿಗೂ ಕೇಳಿಸಲಿಲ್ಲ ಮಾರಾಯ. ನಿನ್ನ ಆಂಪಿನ ವಾಲ್ಯೂಮ್ ಗುಂಡಿಯ ಕೆಳಗಿನ ಪಾಟ್ ಕಿತ್ತು ನೂರು ಕಿಲೋದ್ದು ಹಾಕಿದೆ. ಬೇಸ್ ದಬದಬ ಬಂತು. ಅಪ್ಪನನ್ನು ಕರೆದೆ. ಹೆಡ್‌ಫೋನ್ ಕೈಗೂ ತೆಗೆದುಕೊಳ್ಳಲಿಲ್ಲ. "ಸಮಾಧಾನಕ್ಕೆ ಹೇಳ್ತೀಯ. ಹಾಕ್ಕೊಂಡು ಮತ್ತೆ ಕೇಳಿಸ್ದಿದ್ರೆ?" ಅಂದರು.

ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಬೆನ್ನು ನೋಡಿಕೋ.

ನಿನ್ನ ತಂಗಿ,
ಚಿಟ್ಟಿ

ಮರೆತಿದ್ದೆ: ತಿಂಗಳ ಕೊನೆಗೆ ಯಾರೋ ಬಂದು ಬೆಂಚು, ಮೀಟರು, ವಾಲ್ವ್‌ಗಳನ್ನೆಲ್ಲ ಒಯ್ಯುತ್ತಾರೆ. ಮಾರಲು ಅಪ್ಪ ಒಪ್ಪಿಬಿಟ್ಟಿದ್ದಾರೆ. ನಾನು ಹೇಳಿದರೆ ಅದು ಸಮಾಧಾನ, ನೀನು ಹೇಳಿದರೆ ಮಾತ್ರ ನಿಜ. ಫೋನ್ ಮಾಡಿ "ಅಪ್ಪಾ, ಅಳೀದೇ ಕಳಿಸ್ದೆ, ತಪ್ಪು ನಂದು" ಅನ್ನುತ್ತೀಯಾ, ಇಲ್ಲ ಅವರ ಕಿವಿಯ ಮೇಲೆ ಹಾಕಿ ಸುಮ್ಮನಿರುತ್ತೀಯಾ?