ಖಾಲಿ ಗದ್ದಿಗೆಯ ಹೂವು

ಮಕ್ತಲ್
18 ನವೆಂಬರ್ 2024, ಸೋಮವಾರ

ಚಿರಂಜೀವಿ ಗುರುಪ್ರಸಾದನಿಗೆ ಅಕ್ಕ ಶಿವಗಂಗಾಳ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ. ಆಪರೇಷನ್ ಆದ ಗಾಯ ಪೂರ್ತಿ ಮಾಗಿದೆ, ಇನ್ನು ಮಾತ್ರೆ ಸಾಕು ಅಂದರು ರಾಯಚೂರಿನ ಡಾಕ್ಟರು. ಗದ್ವಾಲದಲ್ಲಿ ನೀನು, ನಿನ್ನ ಹೆಂಡತಿ, ಮಗಳು ವೇದಾ ಹೇಗಿದ್ದೀರಿ? ನೀನು ದಿನವೂ ಫೋನ್ ಮಾಡುತ್ತೀಯ, ನಾನು ಎತ್ತುತ್ತಿಲ್ಲ. ತಪ್ಪು ತಿಳಿಯಬೇಡ ಅಂತ ಬರೆಯಲಾರೆ, ತಿಳಿದುಕೋ. ಕಾಲೇಜಿನಲ್ಲಿ ನೀತಿಶಾಸ್ತ್ರ ಪಾಠ ಹೇಳುವವನು ನೀನು, ಮಾತಿಗೆ ಕೂತರೆ ನನ್ನನ್ನು ಸೋಲಿಸುತ್ತೀಯ. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ನನಗೆ ಹೇಗೆ ಗೊತ್ತಾಯಿತು ಅಂತ ಕೇಳಿದ್ದೆಯಲ್ಲ. ದೀಪಾವಳಿಗೆ ಪಕ್ಕದ ಮನೆ ತಿರುಪತಮ್ಮನ ಮಗಳು ಸ್ರವಂತಿ ಬಂದಿದ್ದಳು. ಹೊಸದಾಗಿ ಡಾಕ್ಟರಿಕೆಗೆ ಸೇರಿದ ಹುಡುಗಿ. ಪಡಸಾಲೆಯಲ್ಲಿ ಅವ್ವನ ಫೋಟೋ ನೋಡಿದವಳೇ ನನ್ನ ಕಾಲಿಗೆ ಬಿದ್ದಳು. ‘ಈ ಅಜ್ಜಿ ನಮ್ಮ ಕಾಲೇಜಿನ್ಯಾಗ ಅದಾರ‍್ರಿ ಆಂಟಿ. ಇವರ ದೇಹದಾನ ಆಗೇತಿ, ಫೋಟೋಕ್ಕ ಹಾರ ಹಾಕಿ ಪಾಠ ಶುರು ಮಾಡಿದ್ವಿ. ಇವರೇ ನಮಗ ಮೊದಲನೇ ಗುರು,’ ಅಂದಳು. ‘ಮುದುಕ್ಯಾರೆಲ್ಲಾ ಒಂದೇ ಥರಾ ಕಾಣ್ತಾರ ತಂಗಿ’ ಅಂತ ನಕ್ಕು ಅವಳ ಕೈಯಲ್ಲಿ ಕರ್ಜಿಕಾಯಿ ಇಟ್ಟೆ. ಆಗ ಅವಳೇ ಅವ್ವನ ಹೆಸರು, ಊರು ಹೇಳಿದಳು: ಶೇಖಮ್ಮ, ಮಾಗನೂರು.

ಮರುದಿನವೇ ಅವ್ವನ ಗದ್ದಿಗೆ ಇರುವ ಮಾಗನೂರಿನ ಹೊಲಕ್ಕೆ ಹೋದೆ. ಹೊಲ ನೋಡಿಕೊಳ್ಳುವ ಬೀರಯ್ಯ ನನ್ನ ಮುಖ ನೋಡಿದ್ದೇ ತಲೆಯ ರುಮಾಲು ತೆಗೆದ. ‘ಗದ್ದಿಗಿ ಖಾಲಿ ಐತ್ರಿ ಅಕ್ಕೋರೇ. ಅಕ್ಕನ ಜೀವಕ್ಕ ತಂಪಿರಲಿ, ಯಾರೂ ಬಾಯಿ ಬಿಡಬ್ಯಾಡ್ರಿ ಅಂತ ಗುರುಪ್ರಸಾದ ಸರ್ ಹೇಳಿದ್ರು. ಊರೆಲ್ಲಾ ಸುಮ್ಮನಿದ್ವಿ.’

ಊರೆಲ್ಲ! ಹೋದ ವರ್ಷ ಯುಗಾದಿಯ ಹೊತ್ತಿಗೆ ನಾನು ಶ್ರೀಶೈಲಕ್ಕೆ ನಡೆದು ಹೋಗಿದ್ದಾಗ ಅವ್ವ ತೀರಿಕೊಂಡಳು. ಕಾಡುದಾರಿಯಲ್ಲಿ ನನ್ನ ಫೋನು ಹತ್ತಲಿಲ್ಲ. ಬಂದಾಗ ಅಪ್ಪನ ಗದ್ದಿಗೆಯ ಪಕ್ಕ ಹೊಸದೊಂದು ತೋರಿಸಿ, ‘ಇಲ್ಲೇ ಕೂಡಿಸೀವಿ ಅಕ್ಕಾ’ ಅಂದವನು ನೀನು. ಅಂದಿನಿಂದ ಸೋಮವಾರ ಬಂತೆಂದರೆ ಬಸ್ಸು ಹಿಡಿದು ಹೋಗಿ, ವಿಭೂತಿ ಹಚ್ಚಿ, ಬಿಲ್ವಪತ್ರೆ ಏರಿಸಿ, ಆ ಮಣ್ಣಿನ ಮುಂದೆ ಮನೆಯ ಸುದ್ದಿಯೆಲ್ಲ ಹೇಳುತ್ತಿದ್ದೆ. ದಾರಿಯಲ್ಲಿ ಸಿಕ್ಕವರು ಕರೆದು ಮಜ್ಜಿಗೆ ಕೊಡುತ್ತಿದ್ದರು. ಎಷ್ಟು ಅಕ್ಕರೆಯ ಜನ ಅಂದುಕೊಂಡಿದ್ದೆ.

ಆ ಸಂಜೆ ಒಮ್ಮೆ ಮಾತ್ರ ನಿನ್ನನ್ನು ಫೋನಿನಲ್ಲಿ ಕೇಳಿದೆ. ನೀನು ತಡವರಿಸಲೂ ಇಲ್ಲ. ‘ಅಕ್ಕಾ, ಸತ್ತವರಿಗೆ ಏನು ತಿಳೀತೈತಿ? ಅವ್ವನ ಮ್ಯಾಲೆ ಎಷ್ಟೊಂದು ಹುಡುಗ್ರು ಕಲೀತಾರ, ನಾಳೆ ಎಷ್ಟೋ ಮಂದಿ ಜೀವ ಉಳಸ್ತಾರ. ನಿನಗ ಗದ್ದಿಗಿ ಸಿಕ್ತು, ಸಮಾಧಾನ ಆತು. ಒಬ್ಬರಿಗರ ಲುಕ್ಸಾನ್ ಆಗೇತೇನು, ಹೇಳು’ ಅಂದೆ.

ಆ ಲೆಕ್ಕದಲ್ಲಿ ತಪ್ಪು ಹುಡುಕಲು ಬಹಳ ತಿಣುಕಿದೆ, ಸಿಗಲಿಲ್ಲ. ಸ್ರವಂತಿಯಂಥವಳು ಕಲಿಯುವುದು ಒಳ್ಳೆಯದೇ. ನಾಳೆ ನನ್ನ ದೇಹವನ್ನು ಕೇಳು, ಕೊಟ್ಟೇನು. ಆದರೆ ಕೇಳಬೇಕು. ಅವ್ವನನ್ನು ನೀನು ಕೇಳಲಿಲ್ಲ. ನಾನು ಶ್ರೀಶೈಲಕ್ಕೆ ಹೊರಡುವ ಮೊದಲೇ ಅವಳೇ ನಿನ್ನ ಕೈ ಹಿಡಿದು, ‘ನಿಮ್ಮಪ್ಪನ ಬಾಜೂಕ ಕೂಡಸಪಾ’ ಅಂದಿದ್ದಳು. ನೀನು ‘ಹೂಂ ಅವ್ವಾ’ ಅಂದಾಗ ನಾನು ಅಲ್ಲೇ ಇದ್ದೆ. ನಮ್ಮ ಹಿರಿಯರೆಲ್ಲ ಮಣ್ಣಿನಲ್ಲಿ ಕೂತೇ ಹೋದವರು, ಅವಳೊಬ್ಬಳು ಮೇಜಿನ ಮೇಲೆ ಮಲಗಿದ್ದಾಳೆ. ಮಾತು ಕೊಡಿಸಿಕೊಂಡವರು ಸತ್ತ ಕೂಡಲೇ ಮಾತೂ ಸಾಯುವುದಾದರೆ, ಸಾಯುವವರು ಯಾರ ಕೈ ಹಿಡಿಯಬೇಕೋ?

ಚಿಕ್ಕಂದಿನಿಂದಲೂ ನೀನು ಹೀಗೇ. ನನ್ನ ಹೊಸ ನಾರಾಯಣಪೇಟೆ ಸೀರೆಯನ್ನು ಬಡ ಗೆಳೆಯನ ಅಕ್ಕನ ಮದುವೆಗೆ ಕೊಟ್ಟು, ಅಗಸರು ಕಳೆದರು ಅಂದಿದ್ದೆ. ನಿಜ ತಿಳಿದಾಗ ನಾನು ‘ಯಾರದೋ ದುಡ್ಡು, ಯಲ್ಲಮ್ಮನ ಜಾತ್ರಿ’ ಅಂತ ಚುಡಾಯಿಸಿ ನಕ್ಕುಬಿಟ್ಟೆ. ಅವ್ವ ನಗಲಿಲ್ಲ. ‘ಕೊಟ್ಟಿದ್ದು ಚಲೋನ ಆತು. ಅಗಸರ ಹೆಸರು ಯಾಕ ಹೇಳ್ದಿ?’ ಅಂತ ನಿನ್ನನ್ನು ಕೇಳಿದಳು. ನೀನು ಆಡಲು ಓಡಿದೆ.

ಇಂದು ಕಾರ್ತಿಕ ಸೋಮವಾರ. ಹೊಲಕ್ಕೆ ಹೋಗುವುದು ಬಿಟ್ಟಿದ್ದೇನೆ, ಆದರೂ ಬೆಳಿಗ್ಗೆ ಕೈ ತಾನೇ ಬಿಲ್ವಪತ್ರೆ ಕಿತ್ತಿತು. ಅವು ತಟ್ಟೆಯಲ್ಲೇ ಬಾಡುತ್ತಿವೆ. ನನಗೆ ಬಹಳ ಸಂಕಟವಾಗುತ್ತಿದೆ ಗುರು.

ವೇದಾಳಿಗೆ ನನ್ನ ಮುದ್ದು. ನಿನ್ನ ಮನೆ ತಂಪಾಗಿರಲಿ. ಇಷ್ಟು ಸಿಟ್ಟಿನಲ್ಲೂ ನಿನಗೆ ಬೇರೆ ಮಾತು ಅನ್ನಲು ಬರುವುದಿಲ್ಲ.

ನಿನ್ನ ಅಕ್ಕ,
ಶಿವಗಂಗಾ

ತಾ.ಕ.: ಇಷ್ಟೆಲ್ಲ ಬರೆದದ್ದು ಒಂದು ಮಾತು ಕೇಳಲು ಧೈರ್ಯ ಸಾಲದೆ. ಎದೆಯಲ್ಲಿ ಗಂಟಾದಾಗ ಆಪರೇಷನ್ ಬೇಡವೇ ಬೇಡ ಅಂತ ಹಟ ಹಿಡಿದಿದ್ದೆ. ಕಡೆಗೆ ಅವ್ವನನ್ನೇ ಕೇಳುತ್ತೇನೆ ಅಂದು ಗದ್ದಿಗೆಯ ಎರಡೂ ಬದಿಗೆ ಒದ್ದೆ ಹೂ ಅಂಟಿಸಿ ಕಣ್ಣು ಮುಚ್ಚಿದೆ. ಬಲಗಡೆಯದು ಬಿದ್ದರೆ ಹೋಗು, ಎಡಗಡೆಯದು ಬಿದ್ದರೆ ಬೇಡ. ನೀನು ಪಕ್ಕದಲ್ಲೇ ನನಗೆ ಕೊಡೆ ಹಿಡಿದು ನಿಂತಿದ್ದೆ. ಕಣ್ಣು ತೆರೆದಾಗ ಬಲಗಡೆಯ ಹೂ ನೆಲದ ಮೇಲಿತ್ತು. ‘ಅವ್ವ ಅಪ್ಪಣಿ ಕೊಟ್ಲು ನೋಡಕ್ಕಾ’ ಅಂದೆ. ಅವಳ ಮಾತೆಂದೇ ಹೆದರದೆ ಹೋಗಿ ಆಪರೇಷನ್ನಿಗೆ ಮಲಗಿದೆ. ಬದುಕಿದ್ದೇನೆ, ಲುಕ್ಸಾನ್ ಏನೂ ಆಗಿಲ್ಲ. ಆ ಹೂ ತಾನಾಗಿ ಬಿತ್ತೋ, ನೀನು ಬೀಳಿಸಿದೆಯೋ, ಅದೊಂದನ್ನು ಬರೆ. ಬರೆದರೂ ನಿನ್ನನ್ನು ಹೇಗೆ ನಂಬಬೇಕೆಂದು ನನಗೆ ತಿಳಿಯುತ್ತಿಲ್ಲ ತಮ್ಮಾ.