ಮೂವತ್ತು ಅವ್ವಂದಿರ ಕೆಂಪು ಬೆರಳು

ಮಾನ್ಯ ಹೆಡ್‌ಮಾಸ್ತರರಿಗೆ, ಕನ್ನಡ ಶಿಕ್ಷಕನ ನಮಸ್ಕಾರ.

ತಾಲೂಕು ಸ್ಪರ್ಧೆಗೆಂದು ಆರಿಸಿದ ತಮ್ಮ ಮಗಳ ‘ನಮ್ಮೂರ ಜಮಖಾನ’ ಪ್ರಬಂಧವನ್ನು ದಯವಿಟ್ಟು ಕಳಿಸಬೇಡಿರಿ.

ಬರೆಯುವ ಮೊದಲು ಮಕ್ಕಳಿಗೆಲ್ಲ ತೋಚಿದ್ದನ್ನು ಕೇಳಿ, ಬೋರ್ಡಿನ ಮೇಲೆ ಪ್ರಬಂಧದ ಹಂದರ ಹಾಕಿದೆ. ಜಮಖಾನ ನೇಯುವ ಫಕೀರವ್ವನ ಮಗಳು ಸುಧಾರಾಣಿ, “ಬಣ್ಣದ ನೂಲು ಹಿಡದು ನಮ್ಮವ್ವನ ಬೆರಳ ಕೆಂಪಗ ಆಗ್ಯಾವ್ರಿ” ಎಂದಳು. ನಾನು ಭಲೆ ಎಂದು ಅದನ್ನೂ ಬರೆದೆ. ಈಗ ಮೂವತ್ತೊಂದು ಪ್ರಬಂಧಗಳಲ್ಲಿ ಮೂವತ್ತು ಅವ್ವಂದಿರ ಬೆರಳು ಕೆಂಪು. ಬ್ಯಾಂಕಿನಲ್ಲಿರುವ ತಮ್ಮ ಮನೆಯವರದೂ. ಎಲ್ಲ ಪಾತ್ರಗಳಿಗೂ ಒಂದೇ ಮಾತು ಕಲಿಸಿದ ನಾಟಕದ ಮಾಸ್ತರ ನಾನು. ನನಗೇ ಹೇಸಿಗೆ ಬಂದಿದೆ.

ಸುಧಾರಾಣಿಯೊಬ್ಬಳೇ ಅದನ್ನು ಬರೆದಿಲ್ಲ. ಯಾಕವ್ವಾ ಎಂದರೆ, “ಅದು ಈಗ ಬೋರ್ಡಿಂದಾತಲ್ರಿ ಸರ್, ನಮ್ಮವ್ವಂದಲ್ಲ” ಎಂದಳು.

ನಾಳೆ ಒಂದು ಪೀರಿಯಡ್ ಕೊಡಿರಿ, ಹಂದರವಿಲ್ಲದೆ ಎಲ್ಲರಿಂದ ಹೊಸದಾಗಿ ಬರೆಸುತ್ತೇನೆ. ಅವಳ ಅವ್ವನನ್ನು ಅವಳಿಗೆ ತಿರುಗಿ ಕೊಡಬೇಕಾಗಿದೆ.

ಬೋರ್ಡು ಒರೆಸಿಟ್ಟ,
ಪುಂಡಲೀಕ